ಕನ್ನಡ ಜಾನಪದ ರಾಕ್

ಕನ್ನಡ ಜಾನಪದ ರಾಕ್ ಎಂಬುದು ತತ್ತ್ವಪದ, ಜನಪದ ಗೀತೆ ಮತ್ತು ಕುಣಿತದ ಲಯಗಳನ್ನು ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್ ಹಾಗೂ ಡ್ರಮ್ಸ್‌ಗಳೊಡನೆ ಬೆಸೆದು ಹಾಡುವ ಸಂಗೀತ ಪ್ರಕಾರ. 21ನೆಯ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಪ್ರಕಾರವನ್ನು ಹೊರದೇಶಗಳಿಗೆ ಕೊಂಡೊಯ್ದವರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಮತ್ತು ಸ್ವರಾತ್ಮ ತಂಡಗಳು ಪ್ರಮುಖವಾದವು. ಈ ತಂಡಗಳ ಎಲ್ಲ ಹಾಡುಗಳೂ ಕನ್ನಡದವಲ್ಲ. ಹಿಂದಿಯ ಪಾಲು ದೊಡ್ಡದು. ಆದರೂ ವಿದೇಶಿ ವೇದಿಕೆಗಳಲ್ಲಿ ಕನ್ನಡದ ಸಾಲುಗಳನ್ನು ಅನುವಾದಿಸದೆ, ಇದ್ದಂತೆಯೇ ಹಾಡಿದ್ದು ಇವುಗಳ ವಿಶೇಷ.

ಹಿನ್ನೆಲೆ

ಈ ಪ್ರಕಾರದ ಬೇರು ರಾಕ್ ಸಂಗೀತದಲ್ಲಿ ಎಷ್ಟಿದೆಯೋ ಸುಗಮ ಸಂಗೀತದಲ್ಲೂ ಅಷ್ಟೇ ಇದೆ. ಶಿಶುನಾಳ ಶರೀಫರ (1819–1889) ತತ್ತ್ವಪದಗಳು ಬಹುಕಾಲ ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಉಳಿದುಬಂದವು. ಅವನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದ ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವಥ್ (1939–2009). ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರಕ್ಕೂ ಅವರದೇ ಸಂಗೀತ. ಕ್ಯಾಸೆಟ್ಟುಗಳ ಕಾಲದಲ್ಲಿ ಆ ಹಾಡುಗಳನ್ನು ಕೇಳುತ್ತ ಬೆಳೆದ ಮಕ್ಕಳೇ ಮುಂದೆ ಗಿಟಾರ್ ಹಿಡಿದರು. ಹೀಗಾಗಿ ಶರೀಫರ ಪದ ರಾಕ್ ವೇದಿಕೆಗೆ ಬಂದದ್ದನ್ನು ಹಠಾತ್ತನೆ ನಡೆದ ಸಂಗತಿಯೆಂದು ತಿಳಿಯುವುದು ಸರಿಯಲ್ಲ.

ತಂಡಗಳು ಮತ್ತು ವಿದೇಶ ಪ್ರವಾಸ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಭರತನಾಟ್ಯವನ್ನೂ ಅಭ್ಯಾಸ ಮಾಡಿದವರು. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದರು. 'ಅಂತರಾಗ್ನಿ' ಎಂಬ ತಂಡದ ಬಳಿಕ ಅವರು ಕಟ್ಟಿದ್ದು ರಘು ದೀಕ್ಷಿತ್ ಪ್ರಾಜೆಕ್ಟ್. ತಂಡದ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂತು. ಶರೀಫರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ಅದರಲ್ಲಿ ಹೊಸ ರೂಪದಲ್ಲಿ ಹಾಡಲಾಗಿದೆ. ತಂಡವು 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ದೊರೆಯಿತು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದು ಅವರ ಗುರುತು.

ರಘು ಅವರ ತಮ್ಮ ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ತಂಡ ಸ್ವರಾತ್ಮ. ಇದರ ಮೊದಲ ಧ್ವನಿಮುದ್ರಿಕೆ 2009ರಲ್ಲಿಯೂ, 'ಟೋಪಿವಾಲೆ' 2012ರಲ್ಲಿಯೂ ಬಂದವು. ಕಾವೇರಿ ನದಿಯೇ ಮಾತನಾಡುವಂತೆ ರಚಿಸಿದ 'ಪ್ಯಾಸಿ' ತಂಡದ ಹೆಸರಾದ ಹಾಡುಗಳಲ್ಲೊಂದು. ವಾಸು ಸೊಂಟಕ್ಕೆ ಕುದುರೆಯ ಆಕೃತಿ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿಯುವುದುಂಟು. ನಗರದ ಪ್ರೇಕ್ಷಕರಿಗೆ ಅದು ಹೊಸತೆನಿಸಬಹುದು. ಹಳೆಯ ಮೈಸೂರು ಸೀಮೆಯ ಜಾತ್ರೆ ನೋಡಿದವರಿಗೆ ಅದು ಪರಿಚಿತ ಕೀಲುಕುದುರೆಯೇ. ಬ್ರಿಟಿಷ್ ಕೌನ್ಸಿಲ್ 2009ರಲ್ಲಿ ಕೈಗೊಂಡ 'ಸೌಂಡ್‌ಪ್ಯಾಡ್' ಯೋಜನೆಗೆ ಆಯ್ಕೆಯಾದ ನಾಲ್ಕು ಭಾರತೀಯ ತಂಡಗಳಲ್ಲಿ ಸ್ವರಾತ್ಮವೂ ಒಂದು. ಬ್ರಿಟನ್ನಿನ ಪ್ರಸಿದ್ಧ ನಿರ್ಮಾಪಕ ಜಾನ್ ಲೆಕ್ಕಿ ಅವುಗಳ ಹಾಡುಗಳನ್ನು ಮುದ್ರಿಸಿದರು. ತಂಡಗಳು ಬ್ರಿಟನ್ ಪ್ರವಾಸವನ್ನೂ ಕೈಗೊಂಡವು.

ಕಾರ್ಯಾಗಾರಗಳು

ಪ್ರವಾಸಕ್ಕೆ ಹೋದ ತಂಡ ಹಾಡಿ ಹಿಂದಿರುಗುವುದಷ್ಟೇ ವಾಡಿಕೆಯಲ್ಲ. 1982ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವೊಮ್ಯಾಡ್‌ನಂಥ ಉತ್ಸವಗಳಲ್ಲಿ ಕಲಾವಿದರು ಮಕ್ಕಳೊಡನೆ ಮತ್ತು ಯುವಜನರೊಡನೆ ಕಾರ್ಯಾಗಾರ ನಡೆಸುವುದು ರೂಢಿಯಾಗಿದೆ. ಸ್ವರಾತ್ಮ ತಂಡವು 'ಆ್ಯಕ್ಷನ್ ರಿಪ್ಲೇ' ಎಂಬ ಹೆಸರಿನಲ್ಲಿ, ಟಿಕೆಟ್ ಕೊಂಡು ಬರಲಾಗದವರಿಗಾಗಿ ಸೇವಾಸಂಸ್ಥೆಗಳಲ್ಲಿ ಉಚಿತವಾಗಿ ಹಾಡುವ ಕ್ರಮವನ್ನು ಆರಂಭಿಸಿತು.

ಇಂಥ ಕಾರ್ಯಾಗಾರದಲ್ಲಿ ಒಂದೆರಡು ಗಂಟೆಗಳೊಳಗೆ ಸ್ವರಜ್ಞಾನ ಕೊಡುವುದು ಅಸಾಧ್ಯ. ಅದರ ಉದ್ದೇಶವೂ ಅದಲ್ಲ. ಸಾಮಾನ್ಯವಾಗಿ ಚಪ್ಪಾಳೆಯಿಂದ ಆರಂಭ. ಒಂದು ಗುಂಪು ನಾಲ್ಕು ಮಾತ್ರೆಯ ಎಣಿಕೆ ಹಿಡಿದರೆ ಇನ್ನೊಂದು ಗುಂಪು ಅದರ ಮೇಲೆ ಮೂರನ್ನು ಎಣಿಸುತ್ತದೆ; ಹನ್ನೆರಡನೆಯ ಮಾತ್ರೆ ಮುಗಿದಾಗ ಎರಡೂ ಗುಂಪುಗಳು ಮತ್ತೆ ಒಂದೇ ಪೆಟ್ಟಿಗೆ ಕೂಡುತ್ತವೆ. ಲೆಕ್ಕದ ಪಾಠದಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯವೆಂದು ಕಲಿತದ್ದು ಇಲ್ಲಿ ಕೈಗೆ ತಿಳಿಯುತ್ತದೆ. ಬಳಿಕ ಸೊಲ್ಲಿನ ಸರದಿ. ಮುಂದಾಳು ಒಂದು ಸಾಲು ಹಾಡುತ್ತಾನೆ, ಹಿಮ್ಮೇಳ ಅದನ್ನೇ ಮರಳಿ ಹೇಳುತ್ತದೆ. ಹೊಲದ ಹಾಡಿಗೂ ಭಜನೆಗೂ ಆಧಾರವಾದ ಈ ಪದ್ಧತಿಯಿಂದಾಗಿ ಕನ್ನಡದ ಒಂದಕ್ಷರ ಬಾರದವರೂ ಪಲ್ಲವಿಗೆ ದನಿಗೂಡಿಸಬಲ್ಲರು. ಕೊನೆಗೆ ಮಕ್ಕಳೇ ತಮ್ಮ ಊರಿನ ಯಾವುದಾದರೊಂದು ವಿಷಯದ ಮೇಲೆ ನಾಲ್ಕು ಸಾಲು ಕಟ್ಟುವುದೂ ಉಂಟು.

ವಾದ್ಯಗಳ ಬೆಲೆ ದೊಡ್ಡ ತೊಡಕು. ಡ್ರಮ್ ಸೆಟ್ ಕೊಳ್ಳುವುದು ಬಹುತೇಕ ಶಾಲೆಗಳಿಗೆ ಕೈಗೆಟುಕದ ಮಾತು. ಸ್ವರಾತ್ಮದ ಡ್ರಮ್ಸ್ ವಾದಕ ಮಾಂಟ್ರಿ ಮ್ಯಾನುಯೆಲ್ ಇದಕ್ಕೆ ಒಂದು ಉತ್ತರ ಕಂಡುಕೊಂಡರು. ಬಿಸಾಡಿದ ಪೀಪಾಯಿ, ಡಬ್ಬ, ಕೊಳವೆಗಳಿಂದ ತಾಳವಾದ್ಯ ತಯಾರಿಸುವ ಅವರ ಪ್ರಯತ್ನಕ್ಕೆ 'ತಾಳವಟ್ಟಂ' ಎಂದು ಹೆಸರು. ಕೊಳವೆ ಉದ್ದವಾದಷ್ಟೂ ನಾದ ತಗ್ಗುತ್ತದೆ, ಗಿಡ್ಡವಾದಷ್ಟೂ ಏರುತ್ತದೆ ಎಂಬುದನ್ನು ಮಕ್ಕಳು ಬಡಿದು ನೋಡಿಯೇ ಅರಿಯುತ್ತಾರೆ. ಇಂಗ್ಲಿಷಿನಲ್ಲಿ ಹಾಡುವ ಬೆಂಗಳೂರಿನ ಹಿರಿಯ ತಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್' (ಸ್ಥಾಪನೆ 1996) ಬೇರೊಂದು ದಾರಿ ಹಿಡಿಯಿತು. ಅದರ ಬ್ರೂಸ್ ಲೀ ಮಣಿ ಮತ್ತು ರಾಜೀವ್ ರಾಜಗೋಪಾಲ್ 'ಟ್ಯಾಕಡೆಮಿ' ಎಂಬ ಸಂಗೀತ ಶಾಲೆಯನ್ನೇ ತೆರೆದರು. ಒಂದು ದಿನದ ಉತ್ಸಾಹ ವರ್ಷಗಳ ಅಭ್ಯಾಸವಾಗಿ ನಿಲ್ಲಬೇಕಾದರೆ ಇಂಥ ಶಾಲೆಯೇ ಬೇಕು.

ಆಕ್ಷೇಪಗಳು ಮತ್ತು ಹಕ್ಕಿನ ಪ್ರಶ್ನೆ

ತತ್ತ್ವಪದದ ಜೀವ ಅದರ ಅರ್ಥದಲ್ಲಿದೆ. ಶರೀಫರ ಗುಡುಗುಡಿ ಬರಿಯ ಹೊಗೆಸೊಪ್ಪಿನ ಸಾಧನವಲ್ಲ, ದೇಹಕ್ಕೂ ಸಾಧನೆಗೂ ರೂಪಕ. ಡ್ರಮ್ಸ್‌ನ ಅಬ್ಬರದಲ್ಲಿ ಈ ಅರ್ಥ ಮುಳುಗಿಹೋಗುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಪದದ ಅರ್ಥ ಕೇಳಿಕೊಂಡು ಮೂಲಕ್ಕೆ ಹೋಗುವ ಎಳೆಯರೂ ಈ ಹಾಡುಗಳ ಮೂಲಕವೇ ಬರುತ್ತಾರೆ.

ಹಕ್ಕಿನ ವಿಷಯ ಇನ್ನಷ್ಟು ಜಟಿಲ. ಭಾರತದ ಕಾನೂನಿನಲ್ಲಿ ಕೃತಿಸ್ವಾಮ್ಯವು ಕವಿಯ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಶರೀಫರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಅಶ್ವಥ್ ಅವರಂಥ ಸಂಯೋಜಕರ ರಾಗಸಂಯೋಜನೆಯ ಹಕ್ಕು ಮಾತ್ರ ಬೇರೆ. ಅದನ್ನು ಬಳಸಲು ಅನುಮತಿ ಅಗತ್ಯ. ಕರ್ತೃವಿನ ಹೆಸರಿಲ್ಲದ ಜನಪದ ಮಟ್ಟುಗಳಿಗೆ ಇಂಥ ರಕ್ಷಣೆಯೂ ಇಲ್ಲ. ಅಂಥ ಮಟ್ಟನ್ನು ಹಳ್ಳಿಯ ಹಾಡುಗಾರರಿಂದ ಕಲಿತ ತಂಡವು ಧ್ವನಿಮುದ್ರಿಕೆಯ ಮೇಲೆ ಅವರ ಹೆಸರನ್ನು ನಮೂದಿಸುವುದು, ಆದಾಯದಲ್ಲಿ ಪಾಲು ಕೊಡುವುದು ಸದ್ಯಕ್ಕೆ ತಂಡದ ವಿವೇಚನೆಗೆ ಬಿಟ್ಟ ಸಂಗತಿಯಾಗಿದೆ.