ನಿಮಗಿದು ಗೊತ್ತೆ? ಚರ್ಚಿಗಾಗಿ ಹುಟ್ಟಿದ ದ್ರಾಕ್ಷಿ ಜ್ಯೂಸ್
ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ (ವೈನ್) ಮಾಡಿದ ಕಥೆ ಬೈಬಲ್ಲಿನಲ್ಲೇ ಇದೆ. ಆದರೂ 19ನೇ ಶತಮಾನದ ಅಮೆರಿಕದಲ್ಲಿ ಮೆಥಡಿಸ್ಟ್ ಪಂಥದ ಅನೇಕ ಕ್ರೈಸ್ತರಿಗೆ ಮದ್ಯದ ಹನಿಯೂ ವರ್ಜ್ಯ. ಹಾಗಾದರೆ ಚರ್ಚಿನ ‘ಪ್ರಭು ಭೋಜನ’ ವಿಧಿಯ ಬಟ್ಟಲಿಗೆ ಏನು ಸುರಿಯುವುದು? ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿದ್ದ (ಊರಿನ ಹೆಸರು ನೋಡಿ!) ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ವಿಧಾನದಂತೆ ದ್ರಾಕ್ಷಿ ರಸ ಕಾಯಿಸಿ ಯೀಸ್ಟ್ ಕೊಂದರು, ರಸ ಹುದುಗಲಿಲ್ಲ. ‘ಹುದುಗದ ವೈನ್’ ಎಂದು ಮಾರಹೊರಟರೆ ಚರ್ಚುಗಳೇ ಹೆಚ್ಚಾಗಿ ಕೊಳ್ಳಲಿಲ್ಲ. ಮುಂದೆ ಮಗ ಚಾರ್ಲ್ಸ್ ಅದನ್ನೇ ‘ಗ್ರೇಪ್ ಜ್ಯೂಸ್’ ಮಾಡಿ ಭಾರೀ ವ್ಯಾಪಾರ ಕಟ್ಟಿದ. ಕ್ಯಾಥೊಲಿಕರು ಮಾತ್ರ ಜಗ್ಗಲಿಲ್ಲ: ಬಲಿಪೂಜೆಗೆ (ಅವರ ಪ್ರಭು ಭೋಜನ ವಿಧಿಗೆ) ಇಂದಿಗೂ ಅಸಲಿ ದ್ರಾಕ್ಷಾರಸವೇ ಆಗಬೇಕು. ಮದ್ಯ ಮುಟ್ಟಬಾರದ ಪಾದ್ರಿಗೆ, ಅನುಮತಿ ಪಡೆದರೆ, ತಾಜಾ ಅಥವಾ ಹುದುಗುವಿಕೆ ತಡೆದಿಟ್ಟ ‘ಮಸ್ಟಮ್’ ಎಂಬ ದ್ರಾಕ್ಷಿ ರಸದ ವಿನಾಯಿತಿ ಉಂಟು.