ಬೂದಿಯಲ್ಲೂ ಬಣ್ಣ ಕಂಡ ಯೂಸುಫ್ ಅರಕ್ಕಲ್

ಬೀಡಿ ಎಲೆಯ ಕಂದು, ಮಳೆಗಾಲ ಕಳೆದ ಮೇಲೆ ಮುರಕಲ್ಲಿನ ಗೋಡೆಯಲ್ಲಿ ಉಳಿಯುವ ಕಪ್ಪು, ಒಲೆಯ ಬೂದಿ. ಬಂಟ್ವಾಳ, ಬೆಳ್ತಂಗಡಿ ಕಡೆಯ ನಮ್ಮ ಮನೆಗಳಲ್ಲಿ ಇವನ್ನು ಬಣ್ಣ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಣ್ಣ ಅಂದ್ರೆ ಮದುವೆ ಮನೆಯ ಕೆಂಪು, ಹಸಿರು, ಜರಿ. ಈ ಮಾಸಲು ಬಣ್ಣಗಳನ್ನೇ ಹಿಡಿದು ದೊಡ್ಡ ಕಲಾವಿದರಾದವರು ಯೂಸುಫ್ ಅರಕ್ಕಲ್.

1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದ ಅವರ ತಾಯಿಯದ್ದು ಕಣ್ಣೂರಿನ ಅರಕ್ಕಲ್ ರಾಜಮನೆತನ. ಆದರೇನು, ಬಾಲ್ಯದಲ್ಲೇ ಯತೀಮ್ ಆದ ಹುಡುಗ ಮನೆ ಬಿಟ್ಟು ಬೆಂಗಳೂರಿಗೆ ಓಡಿಬಂದ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದರು. 1973ರಲ್ಲಿ ಚಿತ್ರಕಲಾ ಪರಿಷತ್ತಿನಿಂದ ಡಿಪ್ಲೊಮಾ ಪಡೆದರು. ಮುಂದೆ ದೆಹಲಿಯ ಗಢಿ ಸ್ಟುಡಿಯೋದಲ್ಲಿ ಅಚ್ಚುಕಲೆ ಕಲಿತರು. 1983ರಲ್ಲಿ ರಾಷ್ಟ್ರಪ್ರಶಸ್ತಿಯೂ ಬಂತು.

ಅಚ್ಚುಕಲೆ ತಾಳ್ಮೆಯ ಕೆಲಸ. ಎಚಿಂಗ್ ವಿಧಾನದಲ್ಲಿ ಸತುವಿನ ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರಬೇಕು. ಆಸಿಡ್‌ನಲ್ಲಿ ಅದ್ದಿದಾಗ ಗೀರಿದಲ್ಲಿ ಮಾತ್ರ ತಗಡು ಸವೆಯುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲಿನದ್ದನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ಒರೆಸುವ ಕೈ ಸ್ವಲ್ಪ ಹಗುರವಾದರೂ ಬಣ್ಣ ಬೇರೆ. ಒಂದೇ ಕಪ್ಪಿನಲ್ಲಿ ಹತ್ತಾರು ಬೂದು ಸಿಗುವುದು ಹೀಗೆ. ಅರಕ್ಕಲ್ ಅವರ ತೈಲಚಿತ್ರಗಳನ್ನು ನೋಡುವಾಗ ನನಗೆ ನೆನಪಾಗುವುದು ಇದೇ ಶಿಸ್ತು.

ಅವರನ್ನು ಪೂರ್ತಿ ಅಮೂರ್ತ ಕಲಾವಿದ ಅನ್ನಲಾಗದು. ಚಿತ್ರದಲ್ಲಿ ಸಾಮಾನ್ಯವಾಗಿ ಒಬ್ಬ ಒಂಟಿ ಮನುಷ್ಯ ಇರುತ್ತಾನೆ, ಬಡವ, ದಣಿದವ. ಆದರೆ ಅವನ ಸುತ್ತ ಗೋಡೆಯೋ ಮಬ್ಬು ಬೆಳಕೋ ಗೊತ್ತಾಗದಂತೆ ಹರಡಿದ ಬಣ್ಣವಿದೆಯಲ್ಲ, ಅದು ಅಮೂರ್ತವೇ. ಅವನ ಒಂಟಿತನ ಹೇಳುವುದು ಮುಖವಲ್ಲ, ಆ ಬಣ್ಣ. ಹಿಂದಿನ ಪೀಳಿಗೆಯ ಎಸ್.ಎಚ್. ರಝಾ ಕಪ್ಪು ಬಿಂದುವಿನ ಸುತ್ತ ಕೆಂಪು, ಹಳದಿ, ನೀಲಿ ತುಂಬಿದರು. ಅರಕ್ಕಲ್ ಹೋದದ್ದು ತದ್ವಿರುದ್ಧ ದಾರಿಯಲ್ಲಿ.

ನಮ್ಮಲ್ಲಿ ಮಗು ಚಿತ್ರ ಬಿಡಿಸಲು ಕೂತರೆ ಎರಡು ಮಾತು ಬರುತ್ತದೆ. ಜೀವಿಗಳ ಚಿತ್ರ ಸಲ್ಲುತ್ತದಾ ಎಂಬುದು ಒಂದು. ಅದನ್ನು ಉಸ್ತಾದರು ಹೇಳಲಿ. ಬಣ್ಣ, ಗೆರೆ, ಅಕ್ಷರಗಳಿಗಂತೂ ನಮ್ಮ ಪಳ್ಳಿಗಳಲ್ಲೇ ಜಾಗವಿದೆ. ಇನ್ನೊಂದು, 'ಇದರಿಂದ ಹೊಟ್ಟೆ ತುಂಬ್ತದಾ?' ಈ ಪ್ರಶ್ನೆಗೇ ಎಷ್ಟೋ ಮಕ್ಕಳ ಬ್ರಷ್ ಒಣಗಿದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ವರ್ಣ ವಿರಾಸತ್‌ನಂಥ ಶಿಬಿರಗಳು ನಡೆದಿವೆ. ಅಂಥದ್ದು ನಡೆಯುವಾಗ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋದರೆ ಖರ್ಚು ಬಸ್ ಚಾರ್ಜು ಮಾತ್ರ.

ಅರಕ್ಕಲ್ 2016ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲೇ ತೀರಿಕೊಂಡರು.