ಬೆಂಕಿಯಲ್ಲಿ ಮುಪ್ಪಾದ ಲೋಹಕ್ಕೆ ಬೆಸುಗೆ

ರಟ್ಟೀಹಳ್ಳಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳವು ಮೊಣಕಾಲೆತ್ತರಕ್ಕೆ ಬೆಳೆದಾಗ ರೈತರು ಅದಕ್ಕೆ ಯೂರಿಯಾ ಗೊಬ್ಬರವನ್ನು ಕೊಡುತ್ತಾರೆ. ಆ ಬಿಳಿಯ ಹರಳುಗಳಿಗೂ ಕೆಂಪಗೆ ಕಾದ ಲೋಹದ ಕೊಳವೆಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನಿಕಟವಾದುದೇ. ಯೂರಿಯಾಕ್ಕೆ ಅಮೋನಿಯಾ ಬೇಕು. ಅಮೋನಿಯಾಕ್ಕೆ ಜಲಜನಕ ಬೇಕು. ಜಲಜನಕವನ್ನು ಪಡೆಯುವ ಸಾಮಾನ್ಯ ಕ್ರಮವೆಂದರೆ, ನೈಸರ್ಗಿಕ ಅನಿಲವನ್ನಾಗಲಿ ನಾಫ್ತಾ ಎಂಬ ಕಲ್ಲೆಣ್ಣೆಯ ಹಗುರ ಭಾಗವನ್ನಾಗಲಿ ಹಬೆಯೊಡನೆ ಬೆರೆಸಿ, ಕುಲುಮೆಯೊಳಗೆ ಸಾಲಾಗಿ ನಿಲ್ಲಿಸಿದ ಕೊಳವೆಗಳ ಮೂಲಕ ಹಾಯಿಸುವುದು. ಮಂಗಳೂರಿನ ಬಳಿ ಪಣಂಬೂರಿನಲ್ಲಿ 1976ರಲ್ಲಿ ಉತ್ಪಾದನೆಗೆ ತೊಡಗಿದ ಗೊಬ್ಬರದ ಕಾರ್ಖಾನೆಯಲ್ಲಿ ಬಹುಕಾಲ ನಾಫ್ತಾವೇ ಕಚ್ಚಾ ವಸ್ತುವಾಗಿತ್ತು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗವು ಆ ಪ್ರದೇಶಕ್ಕೆ ನೈಸರ್ಗಿಕ ಅನಿಲವನ್ನು ತಂದಿತು. ಕಚ್ಚಾ ವಸ್ತು ಯಾವುದಾದರೂ ಸರಿಯೆ, ಕುಲುಮೆಯಂತೂ ಬೇಕೇಬೇಕು.

ಕುಲುಮೆಯಲ್ಲಿ ಲೋಹದ ಬಾಳು

ಹಬೆಯೂ ಅನಿಲವೂ ಕೂಡಿ ಜಲಜನಕವಾಗುವ ಕ್ರಿಯೆಯು ಉಷ್ಣವನ್ನು ಹೀರತಕ್ಕದ್ದು. ಆದುದರಿಂದ ಕೊಳವೆಗಳ ಹೊರಗೆ ಎಡೆಬಿಡದೆ ಉರಿ ಇರಬೇಕು. ಲೋಹದ ಉಷ್ಣತೆ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನವರೆಗೂ ಏರುತ್ತದೆ; ಒಳಗಣ ಒತ್ತಡವು ವಾಯುಭಾರದ ಇಪ್ಪತ್ತು ಮೂವತ್ತು ಪಟ್ಟು. ಸಾಧಾರಣ ಉಕ್ಕು ಇಲ್ಲಿ ಮೆತ್ತಗಾಗಿ, ಪದರಪದರವಾಗಿ ಸುಟ್ಟು ಉದುರುವುದು.

ಇದಕ್ಕೆಂದೇ ರೂಪುಗೊಂಡ ಮಿಶ್ರಲೋಹಗಳಲ್ಲಿ ಎಚ್.ಕೆ.-40 ಎಂಬುದು ಪ್ರಸಿದ್ಧವಾದುದು. ಅದರಲ್ಲಿ ಶೇಕಡಾ 25ರಷ್ಟು ಕ್ರೋಮಿಯಂ, 20ರಷ್ಟು ನಿಕ್ಕಲ್, 0.4ರಷ್ಟು ಇಂಗಾಲ, ಉಳಿದುದು ಬಹುಮಟ್ಟಿಗೆ ಕಬ್ಬಿಣ. ಕ್ರೋಮಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪೊರೆಯನ್ನು ಹೊದಿಸಿ ಒಳಲೋಹವನ್ನು ಕಾಯುತ್ತದೆ. ನಿಕ್ಕಲ್ ಸ್ಫಟಿಕ ರಚನೆಯನ್ನು ಸ್ಥಿರವಾಗಿಡುತ್ತದೆ. ಇಂಗಾಲವು ಕ್ರೋಮಿಯಮ್ಮಿನೊಡನೆ ಕೂಡಿ ಗಡುಸಾದ ಕಾರ್ಬೈಡುಗಳಾಗಿ, ಸ್ಫಟಿಕ ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಮುಂದೆ ಬಂದ ಮಿಶ್ರಲೋಹಗಳಲ್ಲಿ ನಿಕ್ಕಲ್ಲನ್ನು ಶೇಕಡಾ 35ಕ್ಕೆ ಏರಿಸಿ ನಿಯೋಬಿಯಂ ಎಂಬ ಲೋಹವನ್ನೂ ಸೇರಿಸಿದರು. ವೇಗವಾಗಿ ತಿರುಗುವ ಅಚ್ಚಿನೊಳಗೆ ಕರಗಿದ ಲೋಹವನ್ನು ಸುರಿದು ಈ ಕೊಳವೆಗಳನ್ನು ಎರಕ ಹೊಯ್ಯುತ್ತಾರೆ.

ಇಷ್ಟಾದರೂ ಲೋಹವು ಅಮರವಲ್ಲ. ಕಾದ ಲೋಹವು ಒತ್ತಡಕ್ಕೆ ಒಳಗಾಗಿ ಅತಿ ನಿಧಾನವಾಗಿ ಹಿಗ್ಗುತ್ತಲೇ ಇರುವುದು. ಇದನ್ನು ತೆವಳುವಿಕೆ ಎನ್ನಬಹುದು. ಕೊಳವೆಗಳು 1,00,000 ಗಂಟೆ, ಎಂದರೆ ಸುಮಾರು ಹನ್ನೊಂದೂವರೆ ವರ್ಷ, ಬಾಳಬೇಕೆಂಬ ಲೆಕ್ಕದಿಂದ ಅವುಗಳ ದಪ್ಪವನ್ನು ನಿಶ್ಚಯಿಸುವ ರೂಢಿಯುಂಟು.

ಮುಪ್ಪು ಎಂದರೇನು?

ಎರಕ ಹೊಯ್ದಾಗ ಲೋಹದಲ್ಲಿ ಕರಗಿಕೊಂಡೇ ಉಳಿದ ಇಂಗಾಲವು ಕುಲುಮೆಯ ಕಾವಿನಲ್ಲಿ ಮೆಲ್ಲಮೆಲ್ಲನೆ ಬೇರ್ಪಟ್ಟು, ಅಸಂಖ್ಯ ಸೂಕ್ಷ್ಮ ಕಾರ್ಬೈಡ್ ಕಣಗಳಾಗಿ ಒಳಗೆಲ್ಲ ಹರಡುತ್ತದೆ. 650ರಿಂದ 870 ಡಿಗ್ರಿಗಳ ನಡುವೆ ದುಡಿಯುವ ಭಾಗಗಳಲ್ಲಿ, ಕಬ್ಬಿಣ ಕ್ರೋಮಿಯಂಗಳು ಕೂಡಿದ ‘ಸಿಗ್ಮಾ’ ಎಂಬ ಪೆಡಸು ರೂಪವೂ ತಲೆದೋರಬಹುದು. ಬಿಸಿಯಾಗಿರುವಾಗ ಈ ದೋಷವು ಅಷ್ಟಾಗಿ ಕಾಣದು. ಆದರೆ ಕುಲುಮೆಯನ್ನು ಆರಿಸಿ ತಣ್ಣಗೆ ಮಾಡಿದೊಡನೆ ಲೋಹವು ಗಾಜಿನ ಸ್ವಭಾವದ ಕಡೆಗೆ ವಾಲುತ್ತದೆ. ಹೊಸ ಎರಕವನ್ನು ಜಗ್ಗಿದರೆ ಮುರಿಯುವ ಮುನ್ನ ನೂರು ಪಾಲಿಗೆ ಹತ್ತು ಪಾಲಾದರೂ ಹಿಗ್ಗುವುದು. ವರ್ಷಗಟ್ಟಲೆ ದುಡಿದುದರಲ್ಲಿ ಈ ಹಿಗ್ಗು ಎರಡು ಮೂರು ಪಾಲಿಗೆ ಇಳಿಯುವುದುಂಟು.

ಬೆಸುಗೆಯ ಲೆಕ್ಕ

ಬಿರುಕು ಕಂಡಲ್ಲಿ ಲೋಹವನ್ನು ಕರಗಿಸಿ ತುಂಬಿದರಾಯಿತಲ್ಲ ಎಂದು ತೋರುವುದು ಸಹಜ. ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಈ ಮಿಶ್ರಲೋಹವು ಒಂದು ಡಿಗ್ರಿ ತಣ್ಣಗಾದಾಗ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 18 ಪಾಲು ಕುಗ್ಗುತ್ತದೆ. 1000 ಡಿಗ್ರಿ ತಣ್ಣಗಾದರೆ ಕುಗ್ಗು 18,000 ಪಾಲು, ಎಂದರೆ ನೂರಕ್ಕೆ 1.8. ಹೊಸದಾಗಿ ತುಂಬಿದ ಲೋಹವು ಇಷ್ಟು ಕುಗ್ಗಬಯಸಿದರೂ ಸುತ್ತಲಿನ ತಣ್ಣಗಿನ ಲೋಹವು ಬಿಡದು. ಆಗ ಯಾವುದಾದರೊಂದು ಭಾಗವು ಹಿಗ್ಗಿ ಕೊಡಬೇಕು. ಹತ್ತು ಪಾಲು ಹಿಗ್ಗಬಲ್ಲ ಲೋಹಕ್ಕೆ ಇದು ಭಾರವಲ್ಲ. ಎರಡೇ ಪಾಲು ಹಿಗ್ಗುವ ಲೋಹವು ಮುರಿತದ ಅಂಚಿಗೆ ಬಂದು ನಿಲ್ಲುತ್ತದೆ. ಇದಲ್ಲದೆ ಈ ಲೋಹವು ಉಷ್ಣವನ್ನು ಬೇಗ ಹರಡುವುದಿಲ್ಲವಾದುದರಿಂದ ಕಾವೂ ಎಳೆತವೂ ಒಂದೇ ಕಡೆ ಸೇರಿಕೊಳ್ಳುತ್ತವೆ. ಹೀಗಾಗಿ ಬೆಸುಗೆಯ ಗೆರೆ ಗಟ್ಟಿಯಾಗಿಯೇ ಉಳಿದು, ಅದರ ಪಕ್ಕದ ಹಳೆಯ ಲೋಹದಲ್ಲಿ ಹೊಸ ಬಿರುಕು ಹುಟ್ಟುತ್ತದೆ.

ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಕೊಳವೆಯೊಳಗೆ ಹರಿಯುವುದು ಜಲಜನಕ, ಹೊರಗಿರುವುದು ಉರಿ. ಬಿರುಕಿನಿಂದ ಸೋರಿದ ಅನಿಲವು ಹತ್ತಿಕೊಂಡು ಪಕ್ಕದ ಕೊಳವೆಗಳನ್ನೂ ಸುಡಬಲ್ಲದು. ಕುಲುಮೆ ನಿಂತರೆ ಅಮೋನಿಯಾವೂ ನಿಲ್ಲುವುದು. ಗೊಬ್ಬರ ಬರಲೆಂದು ಮಳೆಗಾಲವು ಕಾಯದು. ನಿಕ್ಕಲ್ ತುಂಬಿದ ಎರಕಗಳೋ ದುಬಾರಿ. ಬೇಕೆಂದ ದಿನವೇ ದೊರೆಯುವ ಸರಕೂ ಅಲ್ಲ.

ಚಿಕಿತ್ಸೆಯ ಕ್ರಮ

ಮೊದಲ ಚಿಕಿತ್ಸೆ ಮುಪ್ಪಿಗೆ, ಅನಂತರ ಬಿರುಕಿಗೆ. ಬೆಸೆಯಬೇಕಾದ ಭಾಗವನ್ನು 1100ರಿಂದ 1200 ಡಿಗ್ರಿಯವರೆಗೆ ಕಾಯಿಸಿ ಕೆಲವು ಗಂಟೆ ಅದೇ ಕಾವಿನಲ್ಲಿಡುತ್ತಾರೆ. ತಂತ್ರಜ್ಞರು ಇದನ್ನು ಸೊಲ್ಯೂಷನ್ ಅನೀಲಿಂಗ್ ಎನ್ನುತ್ತಾರೆ. ಸಿಗ್ಮಾ ಕರಗಿಹೋಗುತ್ತದೆ, ಸೂಕ್ಷ್ಮ ಕಾರ್ಬೈಡುಗಳಲ್ಲಿ ಬಹಳಷ್ಟು ಮತ್ತೆ ಲೋಹದಲ್ಲಿ ಲೀನವಾಗುತ್ತವೆ, ಉಳಿದವು ಒಂದುಗೂಡಿ ದೊಡ್ಡ ಕಣಗಳಾಗುತ್ತವೆ. ಹಿಗ್ಗುವ ಗುಣವು ಬಹುಮಟ್ಟಿಗೆ ಮರಳುತ್ತದೆ.

ಬಳಿಕ ಬಿರುಕನ್ನು ಬುಡದವರೆಗೆ ಸಾಣೆಯಿಂದ ತೆಗೆದು, ಸಂದುಗಳಲ್ಲಿ ಇಂಗುವ ಬಣ್ಣದ ದ್ರವವನ್ನು ಹಚ್ಚಿ, ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಸುಗೆಗೆ ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಚಾಪವನ್ನೂ ಅದೇ ಜಾತಿಯ ಮಿಶ್ರಲೋಹದ ತಂತಿಯನ್ನೂ ಬಳಸುವರು. ಗಾಳಿಯ ಆಮ್ಲಜನಕವು ತಾಗದಂತೆ ಎರಡೂ ಕಡೆ ಆರ್ಗಾನ್ ಅನಿಲವಿರಬೇಕು. ಬೀಡು ಕಬ್ಬಿಣವನ್ನು ಬೆಸೆಯುವಾಗ ಮೊದಲೇ ಚೆನ್ನಾಗಿ ಕಾಯಿಸಿಕೊಳ್ಳುವುದುಂಟು, ಇಲ್ಲಿ ಹಾಗಲ್ಲ. ಕಡಮೆ ಕಾವಿನಿಂದ ಸಣ್ಣ ಸಣ್ಣ ಗೆರೆಗಳನ್ನಿಟ್ಟು, ಒಂದು ಆರಿದ ಮೇಲೆ ಇನ್ನೊಂದನ್ನು ಎಳೆಯಬೇಕು. ಕಡೆಗೆ ಮತ್ತೊಮ್ಮೆ ಬಣ್ಣದ ಪರೀಕ್ಷೆ. ಕುಲುಮೆಗೆ ಹಿಂದಿರುಗಿದ ಲೋಹವು ಪುನಃ ಮುಪ್ಪಾಗುವುದು ನಿಜ. ಆದರೆ ಬೆಸುಗೆಯ ಗಂಡಾಂತರವು ಅಷ್ಟರಲ್ಲಿ ಕಳೆದಿರುತ್ತದೆ.

ಈ ಚಿಕಿತ್ಸೆಗೂ ಮಿತಿಯುಂಟು. ತೆವಳುವಿಕೆಯಿಂದ ಸ್ಫಟಿಕ ಕಣಗಳ ನಡುವೆ ಹುಟ್ಟಿದ ರಂಧ್ರಗಳನ್ನು ಈ ಕಾವು ಮುಚ್ಚದು; ಅಂಥ ಭಾಗವನ್ನು ಕತ್ತರಿಸಿ ತೆಗೆಯುವುದೇ ಸರಿ. ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನನ್ನು ತಯಾರಿಸುವ ಕುಲುಮೆಗಳಲ್ಲಿ ಕೊಳವೆಯು ಒಳಗಡೆಯಿಂದ ಇಂಗಾಲವನ್ನು ಕುಡಿಯುತ್ತ ಹೋಗುತ್ತದೆ. ಹೆಚ್ಚಾಗಿ ಸೇರಿದ ಇಂಗಾಲವನ್ನು ಯಾವ ಕಾವೂ ಹೊರಗೆ ಹಾಕದು. ಅದನ್ನು ಗುರುತಿಸಲು ಸರಳವಾದ ಉಪಾಯವಿದೆ: ಹೊಸ ಕೊಳವೆಯನ್ನು ಅಯಸ್ಕಾಂತವು ಹಿಡಿಯದು. ಇಂಗಾಲವು ಕ್ರೋಮಿಯಮ್ಮನ್ನು ಕಸಿದುಕೊಂಡ ಬಳಿಕ ಉಳಿದ ಲೋಹಕ್ಕೆ ಅಯಸ್ಕಾಂತವು ಅಂಟತೊಡಗುತ್ತದೆ.

ಕಾವು ಲೋಹದ ಪೆಡಸುತನವನ್ನು ಕಳೆಯುವ ಬಗೆಯನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿಯೇ ನೋಡಬಹುದು. ದಪ್ಪನೆಯ ತಾಮ್ರದ ತಂತಿಯನ್ನು ನಾಲ್ಕಾರು ಸಲ ಬಗ್ಗಿಸಿದರೆ ಅದು ಬಿರುಸಾಗುವುದು. ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಆರಿದ ಮೇಲೆ ಬಗ್ಗಿಸಿರಿ; ಅದು ಮೆತ್ತಗಾಗಿರುತ್ತದೆ. ತಾಮ್ರದ ಬಿರುಸಿಗೆ ಕಾರಣ ಬಗ್ಗಿಸಿದ್ದು, ಕೊಳವೆಯ ಪೆಡಸಿಗೆ ಕಾರಣ ಇಂಗಾಲದ ಕಣಗಳು. ಕಾರಣಗಳು ಬೇರೆಯಾದರೂ ಎರಡರಲ್ಲಿಯೂ ಪರಮಾಣುಗಳು ಕದಲಿ ಮರಳಿ ಹೊಂದಿಕೊಳ್ಳಲು ಎಡೆಮಾಡಿಕೊಡುವುದು ಕಾವೇ ಆಗಿದೆ.